ಇಂದಿರಾಬಾಯಿಯವರ ಜೀಪು

ಎಷ್ಟು ದೊಡ್ಡ ಮಂಚ ಕೊಟ್ಟರೂ ನಾನು ಅದರ ಎಡ ಅಂಚಿನಲ್ಲಿ, ಒಂದು ಚಾಪೆಯಗಲದ ಜಾಗದಲ್ಲಿ, ಕೈಗಳೆರಡನ್ನೂ ಹೊಟ್ಟೆಯ ಮೇಲೆ ಜೋಡಿಸಿಟ್ಟುಕೊಂಡು ಮಲಗುತ್ತೇನೆ. ಹೋದ ತಿಂಗಳು ಹಿಕ್ಸ್‌ವಿಲ್‌ನಲ್ಲಿರುವ ತಂಗಿಯ ಮಗಳ ಮನೆಗೆ ಹೋಗಿದ್ದೆ. ಗೆಸ್ಟ್ ರೂಮಿನಲ್ಲಿ ಕಬಡ್ಡಿ ಆಡಬಹುದಾದಷ್ಟು ದೊಡ್ಡ ಮಂಚ ಹಾಸಿಕೊಟ್ಟಿದ್ದಳು. ಬೆಳಿಗ್ಗೆ ಕಾಫಿಗೆ ಕರೆಯಲು ಬಂದ ಅವಳ ಮಗಳು ಬಾಗಿಲಲ್ಲೇ ನಿಂತು, ಮೂಲೆಗೆ ಒರಗಿಸಿಟ್ಟ ಕೊಡೆಯಂತೆ ಮಲಗಿದ್ದ ನನ್ನನ್ನು ಸ್ವಲ್ಪ ಹೊತ್ತು ನೋಡಿ, "ಅಜ್ಜಿ, ಯು ಕ್ಯಾನ್ ಯೂಸ್ ದ ಹೋಲ್ ಬೆಡ್, ಯು ನೋ" ಎಂದಳು.

ಗೊತ್ತು ಕಂದಾ. ಆದರೆ ಮಿಕ್ಕ ಜಾಗ ಇಂದಿರಾಬಾಯಿಯವರದು ಎಂದು ನನ್ನ ಮೈ ಇವತ್ತಿಗೂ ನಂಬಿಕೊಂಡಿದೆ. ಮೈಗೆ ಒಮ್ಮೆ ಕಲಿಸಿದ್ದನ್ನು ಮರೆಸುವುದು ಕಷ್ಟ. ಅದಕ್ಕೆ ಇಂಗ್ಲಿಷೂ ಬರುವುದಿಲ್ಲ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾನು ಮೈಸೂರಿನಿಂದ ಸಸ್ಯಶಾಸ್ತ್ರದ ಸಂಶೋಧನೆಗೆಂದು ನ್ಯೂಜೆರ್ಸಿಯ ಒಂದು ವಿಶ್ವವಿದ್ಯಾಲಯಕ್ಕೆ ಬಂದಿದ್ದೆ. ಮದುವೆಯಾಗಿರಲಿಲ್ಲ. ಆ ಕಾಲದಲ್ಲಿ ಅದನ್ನು ಬೇರೆಯಾಗಿ ಹೇಳಬೇಕಿರಲಿಲ್ಲ. ಯಾವ ಕನ್ನಡದವರ ಮನೆಗೆ ಹೋದರೂ ಎರಡನೆಯ ಲೋಟ ನೀರು ಕುಡಿಯುವಷ್ಟರಲ್ಲಿ ಅದೊಂದೇ ವಿಷಯ ಮಾತಿಗೆ ಬರುತ್ತಿತ್ತು. ನಾನು ಆರಿಸಿಕೊಂಡಿದ್ದ ಗಿಡದ ವಿಷಯ ಕೇಳಿದ ಮೇಲಂತೂ ನನ್ನ ಮದುವೆಯ ಆಸೆಯನ್ನು ಹಲವರು ಕೈಬಿಟ್ಟರು. ಅದು ಹೂಜಿಗಿಡ. ಎಲೆಗಳೇ ಸಣ್ಣ ಹೂಜಿಗಳಂತೆ ಬೆಳೆದು, ಅವುಗಳೊಳಗೆ ಮಳೆನೀರು ತುಂಬಿಕೊಂಡು, ಜಾರಿ ಬಿದ್ದ ಹುಳಗಳನ್ನು ಮುಳುಗಿಸಿ ಅರಗಿಸಿಕೊಳ್ಳುವ ಗಿಡ. ಒಬ್ಬ ಸಂಪ್ರದಾಯಸ್ಥರ ಮನೆಯ ಹುಡುಗಿ ಸಮುದ್ರ ದಾಟಿ ಬಂದು ಮಾಂಸಾಹಾರಿ ಗಿಡದ ಮುಂದೆ ಕೂತಿದ್ದಾಳೆಂಬ ಸುದ್ದಿ ಕ್ವೀನ್ಸಿನಿಂದ ಲಾಂಗ್ ಐಲೆಂಡ್ ತನಕ ಹಬ್ಬಿತ್ತು.

ಈ ಗಿಡ ಇರುವುದು ದಕ್ಷಿಣ ನ್ಯೂಜೆರ್ಸಿಯ ಪೈನ್ ಬ್ಯಾರೆನ್ಸ್ ಎಂಬ ಕಾಡಿನ ಜೌಗುಗಳಲ್ಲಿ. ಮೈಲಿಗಟ್ಟಲೆ ಕುಳ್ಳ ಪೈನ್ ಮರಗಳು, ಚಹಾದ ಬಣ್ಣದ ಹೊಳೆಗಳು, ಮತ್ತು ದಾರಿಯೆಂದರೆ ಬಿಳಿ ಮರಳು, ಸಮುದ್ರದಂಡೆಯಂಥ ಮರಳು. ವಿಶ್ವವಿದ್ಯಾಲಯದ ಸ್ಟೇಶನ್ ವ್ಯಾಗನ್ ಕಾರು ಅಲ್ಲಿಗೆ ಹೋಗಿ ಎರಡು ಸಲ ಹೊಟ್ಟೆಯವರೆಗೆ ಹೂತುಕೊಂಡು ಬಂದಿತ್ತು. ನನ್ನ ಪ್ರೊಫೆಸರರು ಒಳ್ಳೆಯ ಮನುಷ್ಯ. ವಸಂತದಿಂದ ಬೇಸಿಗೆ ಮುಗಿಯುವವರೆಗೆ ವಾರಕ್ಕೆ ಎರಡು ಮೂರು ದಿನ ಅಲ್ಲೇ ಇದ್ದು, ಬೆಳಗಾಗುವಾಗ ಯಾವ ಹುಳ ಬಂತು, ಯಾವುದು ಬಿತ್ತು, ಯಾವುದು ತಪ್ಪಿಸಿಕೊಂಡಿತು ಎಂದು ನೋಡದಿದ್ದರೆ ಈ ಕೆಲಸಕ್ಕೆ ಅರ್ಥವಿಲ್ಲ ಎಂದರು. ಆದರೆ ಒಬ್ಬಳನ್ನೇ ಕಳಿಸಲು ತಮಗೆ ಧೈರ್ಯವಿಲ್ಲ ಎಂದೂ ಹೇಳಿದರು. ಮರಳಿನಲ್ಲಿ ಓಡುವ ನನ್ನದೇ ಗಾಡಿ, ಜೊತೆಗೊಬ್ಬ ಹೆಂಗಸು, ಎರಡೂ ಇದ್ದರೆ ಸರಿ. ಇಲ್ಲವಾದರೆ ಲ್ಯಾಬಿನೊಳಗೆ ಮಾಡುವ ಬೇರೆ ವಿಷಯ ಹುಡುಕಿಕೊಳ್ಳಬೇಕು. ಅಂದರೆ ಎರಡು ವರ್ಷದ ಓದನ್ನು ಮಡಚಿಟ್ಟು ಮೊದಲಿನಿಂದ ಶುರುಮಾಡಬೇಕು.

ಆ ಯುಗಾದಿಗೆ ಲಾಂಗ್ ಐಲೆಂಡಿನ ಜೆರಿಕೋದಲ್ಲಿ ಡಾಕ್ಟರ್ ಸಾಹೇಬರ ಮನೆಯಲ್ಲಿ ಊಟ. ಅವರು ಧಾರವಾಡದ ಕಡೆಯವರು, ಸರ್ಜನ್, ಮಾತು ಬಹಳ ಕಡಿಮೆ. ಅವರ ಹೆಂಡತಿಯೇ ಇಂದಿರಾಬಾಯಿ. ಐವತ್ತರ ಹತ್ತಿರದ ವಯಸ್ಸು, ಗಟ್ಟಿ ಮೈಕಟ್ಟು, ಸದಾ ಇಳಕಲ್ ಸೀರೆ. ಗಂಡುಮಕ್ಕಳಿಬ್ಬರೂ ಕಾಲೇಜಿಗೆಂದು ದೂರ ಹೋಗಿದ್ದರು. ಹೋಳಿಗೆ ಬಡಿಸಿಕೊಳ್ಳುತ್ತ ನಾನು ನನ್ನ ಕಷ್ಟವನ್ನು ತಮಾಷೆಯಾಗಿ ಹೇಳಿಕೊಂಡೆ. ಎಲ್ಲರೂ ನಕ್ಕರು. ಒಬ್ಬ ಅಂಕಲ್, ಸುಮ್ಮನೆ ಲೈಬ್ರರಿ ಸೈನ್ಸ್ ಮಾಡಬಾರದಿತ್ತೇ ಎಂದರು. ಇಂದಿರಾಬಾಯಿ ಮಾತ್ರ ತುಪ್ಪದ ಮಿಳ್ಳೆ ಹಿಡಿದು ನಿಂತವರು ನಗಲಿಲ್ಲ.

"ನಾ ಬರ್ತೇನಿ" ಎಂದರು.

ಡಾಕ್ಟರ್ ಸಾಹೇಬರ ಕೈಯ ತುತ್ತು ಅಲ್ಲೇ ನಿಂತಿತು. ಅದನ್ನು ಅವರು ಸಾವಕಾಶ ಬಾಯಿಗಿಟ್ಟು, ನುಂಗಿ, ಕೋಸಂಬರಿ ಬೇಡಿದರು. ಅದನ್ನೇ ಒಪ್ಪಿಗೆ ಎಂದು ಇಂದಿರಾಬಾಯಿ ಲೆಕ್ಕ ಹಿಡಿದರು.

ಇನ್ನು ಗಾಡಿ. ನನಗಾಗ ಗಾಡಿಗಳ ಬಗ್ಗೆ ಗೊತ್ತಿದ್ದದ್ದು ಬಣ್ಣ ಮಾತ್ರ. ಮೂರನೆಯ ಸಲಕ್ಕೆ ಡ್ರೈವಿಂಗ್ ಟೆಸ್ಟ್ ಪಾಸಾದವಳು ನಾನು. ಪರೀಕ್ಷಕ ಸೋತು ಪಾಸುಮಾಡಿದ ಎಂಬುದು ನನ್ನ ಅನುಮಾನ. ಮೊದಲು ನೋಡಿದ್ದು ಒಂದು ವ್ಯಾನು. ಒಳಗೆ ನೆಲದಿಂದ ಸೂರಿನವರೆಗೆ ಕೇಸರಿ ಕಾರ್ಪೆಟ್, ಮಣಿಯ ಪರದೆ, ಮಲಗಲು ಜಾಗವೋ ಜಾಗ. ಆದರೆ ಬರೀ ಹಿಂದಿನ ಚಕ್ರಗಳಿಗೆ ಶಕ್ತಿ. ಮರಳಿನಲ್ಲಿ ಇದು ಕಾರ್ಪೆಟ್ ಸಮೇತ ಕೂರುತ್ತದೆ ಎಂದು ನನ್ನ ಲ್ಯಾಬಿನ ಹುಡುಗರು ಎಚ್ಚರಿಸಿದರು. ಎರಡನೆಯದು ಕ್ಯಾನ್ವಾಸ್ ಹೊದಿಕೆಯ ಪುಟ್ಟ ಜೀಪು. ನಾಲ್ಕು ಚಕ್ರಕ್ಕೂ ಶಕ್ತಿ, ಎಲ್ಲಿಗೆ ಬೇಕಾದರೂ ಹೋಗುತ್ತದೆ, ಆದರೆ ಹೋದ ಮೇಲೆ ಕೂತೇ ಇರಬೇಕು. ಮೂರನೆಯದು ದಕ್ಷಿಣ ಜೆರ್ಸಿಯ ಒಬ್ಬ ಮುದುಕನ ಅಂಗಳದಲ್ಲಿ ನಿಂತಿದ್ದ ಹಸಿರು ಬಣ್ಣದ ಹಳೆಯ ಜೀಪ್ ವ್ಯಾಗನ್. ತಗಡಿನ ಮೈ, ಎತ್ತರದ ಹೊಟ್ಟೆ, ಹಿಂದೆ ಒಳ್ಳೆಯ ಉದ್ದದ ಜಾಗ.

ನಾನು ಲ್ಯಾಬಿನವರು ಹೇಳಿಕೊಟ್ಟಿದ್ದ ಪ್ರಶ್ನೆಗಳನ್ನು ಒಪ್ಪಿಸುತ್ತಿದ್ದೆ. ಇಂದಿರಾಬಾಯಿ ಯಾವ ಪ್ರಶ್ನೆಯನ್ನೂ ಕೇಳದೆ ಹಿಂಬಾಗಿಲು ತೆಗೆಸಿ, ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಒಳಗೆ ಹತ್ತಿ, ಅಂಗಾತ ಮಲಗಿಬಿಟ್ಟರು. ಆಮೇಲೆ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಿ, ನನ್ನನ್ನೂ ಕರೆದರು. ಹೋಗಿ ಪಕ್ಕದಲ್ಲಿ ಮಲಗಿದೆ. ಇಬ್ಬರು ಸೀರೆಯ ಹೆಂಗಸರು ತನ್ನ ಜೀಪಿನಲ್ಲಿ ಅಕ್ಕಪಕ್ಕ ಮಲಗಿ ತಗಡಿನ ಸೂರು ನೋಡುತ್ತಿರುವುದನ್ನು ಆ ಮುದುಕ ಟೋಪಿ ಕೈಯಲ್ಲಿ ಹಿಡಿದು, ಚರ್ಚಿನಲ್ಲಿ ನಿಂತವನಂತೆ ಗಂಭೀರವಾಗಿ ನೋಡುತ್ತಿದ್ದ. ಹೊರಗೆ ಬಂದ ಇಂದಿರಾಬಾಯಿ, "ಇದಽ ತಗೋ. ಕಾಲು ಚಾಚಲಿಕ್ಕೆ ಬರ್ತದ" ಎಂದರು. ವಾಹನವನ್ನು ಆರಿಸುವುದರ ಬಗ್ಗೆ ಆಮೇಲೆ ಎಷ್ಟೋ ಪತ್ರಿಕೆಗಳಲ್ಲಿ ಎಷ್ಟೋ ಪುಟ ಓದಿದ್ದೇನೆ. ಇದಕ್ಕಿಂತ ಉಪಯುಕ್ತವಾದ ಮಾತು ಸಿಕ್ಕಿಲ್ಲ.

ಮನೆಗೆ ತಂದ ಮೇಲೆ ಗೊತ್ತಾಯಿತು, ಮುದುಕ ಅದನ್ನು ಜಿಂಕೆ ಬೇಟೆಗೆ ಬಳಸುತ್ತಿದ್ದ. ಹೀಟರ್ ಹಾಕಿದರೆ ಒಳಗೆಲ್ಲ ಜಿಂಕೆಯ ವಾಸನೆ. ಸಾಬೂನು, ಅರಿಶಿನದ ನೀರು, ಊದುಬತ್ತಿ, ಕರ್ಪೂರ, ಎಲ್ಲವೂ ಸೋತವು. ಕೊನೆಗೆ ಇಂದಿರಾಬಾಯಿ ಊರಿನಿಂದ ತರಿಸಿಟ್ಟುಕೊಂಡಿದ್ದ ಗಟ್ಟಿ ಇಂಗಿನ ಒಂದು ತುಂಡನ್ನು ಬಟ್ಟೆಯಲ್ಲಿ ಕಟ್ಟಿ ಹೀಟರಿನ ಬಾಯಿಗೆ ನೇತುಹಾಕಿದರು. ಜಿಂಕೆ ಅವತ್ತೇ ಓಡಿಹೋಯಿತು. ಅಲ್ಲಿಂದ ಮುಂದೆ ನಮ್ಮ ಜೀಪು ಹೋದಲ್ಲೆಲ್ಲ ಒಗ್ಗರಣೆಯ ವಾಸನೆ.

ಚಿಕ್ಕವಳಿದ್ದಾಗ ಮೈಸೂರಿನಲ್ಲಿ ನಮ್ಮ ಬೀದಿಯ ಕೊನೆಗೆ ಒಂದು ಷಾಪಸಂದು ಗಾಡಿ ನಿಲ್ಲುತ್ತಿತ್ತು. ಕುದುರೆಗಿಂತ ಆ ಗಾಡಿಯ ಹೊಟ್ಟೆಯೇ ನನಗೆ ಮೋಜು. ಕೂರುವ ಹಲಗೆಯೆತ್ತಿದರೆ ಕೆಳಗೆ ಹುಲ್ಲು, ಅದರ ಕೆಳಗೆ ಹುರುಳಿಯ ಚೀಲ, ಅಡಿಯಲ್ಲಿ ತೂಗುವ ಬಕೆಟ್ಟು, ಮಗ್ಗುಲಲ್ಲಿ ದೀಪ, ಗಾಡಿ ಹೊಡೆಯುವ ಸಾಬರ ರೊಟ್ಟಿಯ ಗಂಟು. ಒಂದು ಮನೆಯನ್ನೇ ಮಡಚಿ ಎರಡು ಚಕ್ರದ ಮೇಲೆ ಇಟ್ಟಿದ್ದಾರೆ ಅನ್ನಿಸುತ್ತಿತ್ತು. ದೊಡ್ಡವಳಾದ ಮೇಲೆ ಅದರಲ್ಲೇ ಇರುತ್ತೇನೆ ಎಂದು ಅಮ್ಮನಿಗೆ ಹೇಳಿದ್ದೆನಂತೆ. ಅಮ್ಮ, ಮೊದಲು ಹೋಗಿ ತಲೆ ಬಾಚಿಕೋ ಎಂದಿದ್ದಳು. ಜೆರಿಕೋದ ಗ್ಯಾರೇಜಿನಲ್ಲಿ ಜೀಪಿನ ಒಳಗನ್ನು ಕಟ್ಟುವಾಗ ನನಗೆ ಆ ಗಾಡಿಯೇ ಕಣ್ಣಮುಂದೆ.

ಮರಗೆಲಸವನ್ನು ಡಾಕ್ಟರ್ ಸಾಹೇಬರು ವಹಿಸಿಕೊಂಡರು. ಯಾರೂ ಕೇಳಿರಲಿಲ್ಲ, ಒಂದು ಭಾನುವಾರ ಪ್ಲೈವುಡ್ ಹಲಗೆಗಳೊಂದಿಗೆ ಪ್ರತ್ಯಕ್ಷರಾದರು. ಹಲಗೆಗೆ ಗರಗಸ ಹಾಕುವ ಮುನ್ನ ಕೈ ತೊಳೆದುಕೊಳ್ಳುತ್ತಿದ್ದರು. ಅಭ್ಯಾಸಬಲ. ಗಾಲಿಗಳ ಮೇಲಿನ ಉಬ್ಬಿಗೆ ಸರಿಯಾಗಿ ಎತ್ತರಿಸಿದ ಮಲಗುವ ಹಲಗೆ, ಅದರ ಕೆಳಗೆ ಹಿಂದಿನಿಂದ ಎಳೆಯುವ ಮೂರು ಪೆಟ್ಟಿಗೆ. ಒಂದರಲ್ಲಿ ನನ್ನ ಸೀಸೆಗಳು, ಒಂದರಲ್ಲಿ ಅಡಿಗೆಯ ಸಾಮಾನು, ಇನ್ನೊಂದರಲ್ಲಿ ಸಲಿಕೆ, ಹಗ್ಗ, ಜಾಕು ಮತ್ತು ಜಾಕು ಮರಳಲ್ಲಿ ಇಳಿಯದ ಹಾಗೆ ಅದರ ಅಡಿಗಿಡುವ ಮಣೆ. ಆ ಮಣೆ ಇಂದಿರಾಬಾಯಿಯವರ ಹಳೆಯ ಲಟ್ಟಿಸುವ ಮಣೆಯೇ. ಅವರು ತೆಳ್ಳಗಾದ ಒಂದು ಇಳಕಲ್ ಸೀರೆಯನ್ನು ಕತ್ತರಿಸಿ ಕಿಟಕಿಗಳಿಗೆ ಪರದೆ ಹೊಲಿದರು. ಕ್ಯಾನ್ವಾಸಿನಲ್ಲಿ ಜೇಬುಗಳನ್ನು ಹೊಲಿದು ಗೋಡೆಗೆ ಬಡಿದರು. ಒಂದೊಂದು ಜೇಬಿಗೂ ಒಂದೊಂದು ವಸ್ತು: ಟಾರ್ಚು, ಬಾಚಣಿಗೆ, ಕುಂಕುಮ, ಹಾವಿನ ಕಡಿತದ ಔಷಧ, ಮೆಂತ್ಯದ ಹಿಟ್ಟು. ಪ್ರೆಶರ್ ಕುಕ್ಕರ್ ಬೇಡ, ಜಾಗವಿಲ್ಲ ಎಂದು ನಾನು ಹೇಳಿದೆ. ಅವರು ನನ್ನ ದೊಡ್ಡ ಮೈಕ್ರೋಸ್ಕೋಪ್ ಪೆಟ್ಟಿಗೆಯ ಕಡೆ ನೋಡಿದರು. ಕುಕ್ಕರ್ ಬಂತು.

ಮೊದಲ ಪ್ರಯಾಣದ ವಿಷಯವನ್ನು ಹೇಳದೆ ದಾಟಿಬಿಡಬಹುದಿತ್ತು. ಶುಕ್ರವಾರ ಡಾಕ್ಟರ್ ಸಾಹೇಬರು ಹೆಂಡತಿಯನ್ನು ಹಿಕ್ಸ್‌ವಿಲ್‌ನಲ್ಲಿ ರೈಲು ಹತ್ತಿಸಿದರು. ಮ್ಯಾನ್‌ಹಟನ್‌ನಲ್ಲಿ ಗಾಡಿ ಬದಲಿಸಿ, ಸೂಟು ಬೂಟಿನವರ ನಡುವೆ ಕುಕ್ಕರನ್ನು ತೊಡೆಯ ಮೇಲಿಟ್ಟುಕೊಂಡು ಕೂತು ಇಂದಿರಾಬಾಯಿ ನ್ಯೂಜೆರ್ಸಿಯ ನನ್ನ ಊರಿಗೆ ಬಂದಿಳಿದರು. ನಾವು ಕಾಡಿನ ಮರಳುದಾರಿಗೆ ತಿರುಗಿ ಒಂದು ಫರ್ಲಾಂಗು ಹೋಗಿರಬೇಕು, ಜೀಪು ಕೂತಿತು. ನಾಲ್ಕು ಚಕ್ರಕ್ಕೂ ಶಕ್ತಿಯಿರುವ ಗಾಡಿ, ಅದಕ್ಕೆಂದೇ ಇರುವ ಸನ್ನೆಕೋಲು ಹಾಕಿದ್ದೇನೆ, ಆದರೂ ಹಿಂದಿನ ಚಕ್ರಗಳೆರಡೇ ಮರಳು ತೋಡುತ್ತಿವೆ. ಅರ್ಧ ಮಧ್ಯಾಹ್ನ ಸಲಿಕೆ ಹಿಡಿದೆವು. ಆಮೇಲೆ ಸೋತು ಕೂತು ಗಾಡಿಯ ಕೈಪಿಡಿ ತೆಗೆದು ಓದಿದರೆ, ಕೆಳಗಿಳಿದು ಮುಂದಿನ ಒಂದೊಂದು ಗಾಲಿಯ ನಡುಮಧ್ಯದಲ್ಲಿರುವ ಗುಬಟನ್ನು ಕೈಯಾರೆ ತಿರುಗಿಸಿದರೆ ಮಾತ್ರ ಅವಕ್ಕೆ ಶಕ್ತಿ ಹೋಗುತ್ತದೆ ಎಂದು ಮೊದಲ ಪುಟಗಳಲ್ಲೇ ದಪ್ಪಕ್ಷರದಲ್ಲಿ ಬರೆದಿದೆ. ಎರಡು ತಿರುವು, ಜೀಪು ಎದ್ದು ಹೊರಟಿತು. ಆ ಬೇಸಿಗೆಯಿಡೀ ಮರಳುದಾರಿ ಬಂದಾಗಲೆಲ್ಲ ಇಂದಿರಾಬಾಯಿಯವರೇ ಮೊದಲು ಇಳಿದು ಹೋಗಿ ಗುಬಟು ತಿರುಗಿಸಿ ಬರುತ್ತಿದ್ದರು, ದೇವರ ಕೋಣೆಯ ದೀಪದ ಬತ್ತಿ ಸರಿಮಾಡಿದಷ್ಟು ಹಗುರವಾಗಿ.

ಜೌಗಿನ ಪಕ್ಕದಲ್ಲಿ ನಮ್ಮ ಬಿಡಾರ. ನಾನು ಬೆಳಗಾಗುತ್ತಲೇ ಜೌಗಿಗೆ ಅಡ್ಡ ಹಾಸಿದ ಹಲಗೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ ಹೂಜಿಗಳೊಳಗೆ ಇಣುಕುವುದು, ಅವರು ಮಡಚುಕುರ್ಚಿಯಲ್ಲಿ ಕೂತು ಸ್ವೆಟರ್ ಹೆಣೆಯುವುದು, ಹೀಗೆ ಶುರುವಾಯಿತು. ಮೂರನೆಯ ವಾರಕ್ಕೆ ಸ್ವೆಟರ್ ಮೂಲೆ ಸೇರಿತು. ಅವರೂ ಸೆರಗು ಕಟ್ಟಿ ಹಲಗೆಯ ಮೇಲೆ ಕೂತು ತಮ್ಮ ಪಾಲಿನ ಗಿಡಗಳನ್ನು ನೋಡತೊಡಗಿದರು. "ಯಾಕವಾ, ಇವತ್ತ ಉಪವಾಸೇನು?" ಎಂದು ಗಿಡವನ್ನು ವಿಚಾರಿಸುತ್ತಿದ್ದರು. ಒಂದು ಜಾತಿಯ ಸೊಳ್ಳೆ ಈ ಹೂಜಿಯ ನೀರಿನಲ್ಲೇ ಮೊಟ್ಟೆಯಿಡುತ್ತದೆ, ಅದರ ಮರಿಗಳು ಅರಗದೆ ಅಲ್ಲೇ ಬೆಳೆಯುತ್ತವೆ. ಅದನ್ನು ತೋರಿಸಿದಾಗ ಬಹಳ ಹೊತ್ತು ನೋಡಿ, ಹುಲಿಯ ಬಾಯಲ್ಲಿ ತೊಟ್ಟಿಲು ಕಟ್ಟಿದ್ದಾಳೆ ಎಂದರು. ನನ್ನ ಪ್ರಬಂಧದಲ್ಲಿ ಇದನ್ನು ಹೇಳಲು ನಾನು ನಾಲ್ಕು ಪುಟ ತೆಗೆದುಕೊಂಡೆ.

ಆ ವರ್ಷ ಮೇ ತಿಂಗಳಲ್ಲಿ ಮಳೆಯೇ ಬರಲಿಲ್ಲ. ಒಂದು ಮಧ್ಯಾಹ್ನ ಪಶ್ಚಿಮದ ಕಡೆ ಪೈನ್ ಮರಗಳ ಮೇಲೆ ಹಳದಿ ಹೊಗೆ ಎದ್ದಿತು. ಮೊದಲು ದೂರವೆನ್ನಿಸಿತು. ಗಾಳಿ ತಿರುಗಿದ ಮೇಲೆ ಬೂದಿಯ ಚೂರುಗಳು ನಮ್ಮ ಅನ್ನದ ಪಾತ್ರೆಯ ಮೇಲೆ ಬೀಳತೊಡಗಿದವು. ಹೊರಡಬೇಕಿತ್ತು. ಆದರೆ ಜೌಗಿನ ಆಚೆ ಬದಿಯಲ್ಲಿ ನನ್ನ ಸೀಸೆಗಳ ಪೆಟ್ಟಿಗೆ ಇತ್ತು, ಆವರೆಗಿನ ಸಂಗ್ರಹವೆಲ್ಲ ಅದರೊಳಗೆ. ಇಂದಿರಾಬಾಯಿ ಬೇಡವೆನ್ನುವಷ್ಟರಲ್ಲಿ ಓಡಿದೆ. ಪೆಟ್ಟಿಗೆ ಸಿಕ್ಕಿತು. ಹಿಂದಕ್ಕೆ ಬರುವಾಗ ಪಾಚಿಯ ಹಾಸಿನಲ್ಲಿ ಎಡಗಾಲು ಮೊಣಕಾಲಿನವರೆಗೆ ಇಳಿದು, ಒಳಗೆಲ್ಲೋ ಬೇರಿಗೆ ಸಿಕ್ಕಿ, ಪಾದ ತಿರುಚಿತು. ಟಕ್ಕೆಂದ ಸದ್ದು ನನಗೇ ಕೇಳಿಸಿತು.

ಅವರು ಬಂದು ನನ್ನ ಕಂಕುಳಿಗೆ ಕೈಹಾಕಿ ಎತ್ತಿ, ಅರ್ಧ ಎಳೆದು ಅರ್ಧ ಹೊತ್ತು ಜೀಪಿನ ಹತ್ತಿರ ತಂದರು. ಎಡಗಾಲು ನೆಲಕ್ಕೆ ಊರಲಾಗುತ್ತಿಲ್ಲ. ಕ್ಲಚ್ಚು ಒತ್ತುವುದು ಎಡಗಾಲಿನಲ್ಲೇ. ಹೊಗೆ ಈಗ ದಾರಿಯ ಮೇಲೂ ಹರಿಯುತ್ತಿತ್ತು. ನಾನು ಅಳುತ್ತಿದ್ದೆ, ನೋವಿಗಲ್ಲ, ಈ ಹೆಂಗಸನ್ನು ಎಲ್ಲಿಗೆ ತಂದು ನಿಲ್ಲಿಸಿದೆನಲ್ಲ ಎಂದು. ಅವರು ನನ್ನನ್ನು ಪಕ್ಕದ ಸೀಟಿಗೆ ಹತ್ತಿಸಿ, ಸುತ್ತಿ ಬಂದು ಸ್ಟಿಯರಿಂಗಿನ ಮುಂದೆ ಕೂತರು. ಜೀವಮಾನದಲ್ಲಿ ಆ ಸೀಟಿನಲ್ಲಿ ಅವರು ಕೂತದ್ದು ಅದೇ ಮೊದಲು.

"ಅಳೂದ ಆಮ್ಯಾಲ" ಎಂದರು. "ಏನ ಒತ್ತಬೇಕು, ಏನ ತಿರಗಸಬೇಕು, ಅದನ್ನ ಹೇಳು."

ಹಳೆಯ ಜೀಪಿನ ಒಂದು ಪುಣ್ಯವೇನೆಂದರೆ, ಅದರ ತೀರಾ ಕೆಳಗಿನ ಗೇರಿಗೆ ಹಾಕಿ ಬೀಗದ ಕೈ ತಿರುಗಿಸಿ ಸ್ಟಾರ್ಟ್ ಮಾಡಿದರೆ ಕ್ಲಚ್ಚಿನ ಹಂಗಿಲ್ಲದೆ ತಾನೇ ಹೊರಟುಬಿಡುತ್ತದೆ. ಕೈಪಿಡಿಯನ್ನು ಅಷ್ಟರಲ್ಲಿ ನಾನು ಬಾಯಿಪಾಠ ಮಾಡಿದ್ದೆ. ಸನ್ನೆಕೋಲುಗಳನ್ನು ನಾನು ಎಳೆದು ಹಾಕಿದೆ, ಅವರು ಸ್ಟಾರ್ಟ್ ಮಾಡಿದರು. ಜೀಪು ಒಮ್ಮೆ ಮುಗ್ಗರಿಸಿ, ಹಟ್ಟಿಗೆ ಹೊರಟ ಎಮ್ಮೆಯ ನಡಿಗೆಯಲ್ಲಿ ಹೊರಟಿತು. ಸ್ಟಿಯರಿಂಗನ್ನು ಬಿಗಿಯಾಗಿ ಹಿಡಿಯಬೇಡಿ, ಮರಳಿನ ಜಾಡು ತಾನೇ ಕರೆದೊಯ್ಯುತ್ತದೆ ಎಂದೆ. ಅವರು ಹಾಗೆಯೇ ಸಡಿಲವಾಗಿ ಹಿಡಿದು, ಕಣ್ಣು ಕಿರಿದು ಮಾಡಿ, ಮೂಗಿಗೆ ಸೆರಗು ಕಟ್ಟಿಕೊಂಡು ಕೂತರು. ಒಂದು ಕಡೆ ಎಡಗಡೆಯ ಪೊದೆಗಳೇ ಚಟಚಟ ಉರಿಯುತ್ತಿದ್ದವು. ನಾನು ಕಣ್ಣು ಮುಚ್ಚಿದೆ. ಅವರು ಮುಚ್ಚಲಿಲ್ಲ. ವೇಗ ಹೆಚ್ಚಿಸುವುದು ಹೇಗೆಂದು ನಾನು ಹೇಳಿಕೊಟ್ಟಿರಲಿಲ್ಲ, ಅವರು ಕೇಳಲೂ ಇಲ್ಲ. ಎಮ್ಮೆ ತನ್ನ ಲಯದಲ್ಲೇ ನಡೆದು ನಮ್ಮನ್ನು ಬೆಂಕಿಯ ಮಗ್ಗುಲಿನಿಂದ ಈಚೆಗೆ ತಂದು ಡಾಂಬರು ರಸ್ತೆಗೆ ಮುಟ್ಟಿಸಿತು.

ಅಲ್ಲಿ ಬೆಂಕಿ ಆರಿಸುವವರ ಲಾರಿ ನಿಂತಿತ್ತು. ಒಬ್ಬಾತ ಕೈಬೀಸುತ್ತ ಓಡಿಬಂದ. ನಿಲ್ಲಿಸುವುದು ಹೇಗೆಂಬ ಪಾಠವೂ ಆಗಿರಲಿಲ್ಲವಾದ್ದರಿಂದ ನಾನೇ ಕೈಚಾಚಿ ಬೀಗದ ಕೈ ತಿರುಗಿಸಿ ಇಂಜಿನ್ ಆರಿಸಿದೆ. ಇಂದಿರಾಬಾಯಿ ಸ್ಟಿಯರಿಂಗ್ ಬಿಡದೆ ಹಾಗೇ ಕೂತಿದ್ದರು. ಆತ ಬಾಗಿಲು ತೆಗೆದು, ನೀವಿನ್ನು ಸೇಫ್, ಇಳಿಯಬಹುದು ಎಂದ. ಅವರು ನನ್ನ ಕಡೆ ತಿರುಗಿ ಮೆಲ್ಲಗೆ, ಇನ್ನೂ ಸ್ವಲ್ಪ ದೂರ ಹೋಗಬಹುದಿತ್ತು ಎಂದರು.

ಸಂಜೆ ಆಸ್ಪತ್ರೆಗೆ ಡಾಕ್ಟರ್ ಸಾಹೇಬರು ಬಂದರು. ನನ್ನ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು. ಮೂಳೆ ಸೀಳು ಬಿಟ್ಟಿತ್ತು, ಪ್ಲಾಸ್ಟರ್ ಹಾಕಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಹೆಂಡತಿಯ ಮಸಿ ಹತ್ತಿದ ಮುಖವನ್ನು ನೋಡುತ್ತಿದ್ದರು. ತಪ್ಪೆಲ್ಲ ನನ್ನದು, ಇನ್ನು ಈ ಕೆಲಸ ಸಾಕು, ಪ್ರೊಫೆಸರರಿಗೆ ನಾಳೆಯೇ ಹೇಳಿಬಿಡುತ್ತೇನೆ ಎಂದೆ. ಮನಸ್ಸಿನಲ್ಲಿ ಓದನ್ನು ನಿಜವಾಗಿಯೂ ಮಡಚಿಟ್ಟಾಗಿತ್ತು.

ಇಂದಿರಾಬಾಯಿ ಗಂಡನಿಗೆ ಹೇಳಿದರು: "ಈಕಿ ಅಭ್ಯಾಸ ಅರ್ಧಕ್ಕ ನಿಂದರಬಾರದು. ಈಕಿ ಕಾಲು ನೆಟ್ಟಗಾಗೂತನಕ ಗಾಡಿ ನಾ ನಡಸ್ತೇನಿ. ನನಗ ಕಲಸ್ರಿ."

ಡಾಕ್ಟರ್ ಸಾಹೇಬರು ಎಕ್ಸ್‌ರೇಯನ್ನು ಲಕೋಟೆಯೊಳಗೆ ಸೇರಿಸಿದರು. ಮುಂದಿನ ಭಾನುವಾರ ಬೆಳಿಗ್ಗೆ ಹಿಕ್ಸ್‌ವಿಲ್ ಸ್ಟೇಶನ್ನಿನ ಖಾಲಿ ಪಾರ್ಕಿಂಗ್ ಲಾಟಿನಲ್ಲಿ, ಎಷ್ಟೋ ಜನರ ಹೊಟ್ಟೆ ಕೊಯ್ದರೂ ಕೈ ನಡುಗದ ಆ ಮನುಷ್ಯ ಡ್ಯಾಶ್‌ಬೋರ್ಡನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹೆಂಡತಿಗೆ ಜೀಪು ಕಲಿಸುತ್ತಿದ್ದರು. ನಾನು ಹಿಂದಿನ ಹಲಗೆಯ ಮೇಲೆ ಪ್ಲಾಸ್ಟರಿನ ಕಾಲು ಚಾಚಿಕೊಂಡು, ಇಂಗಿನ ವಾಸನೆಯಲ್ಲಿ ಕೂತಿದ್ದೆ. ಇಂದಿರಾಬಾಯಿ ಮೊದಲನೆಯ ಟೆಸ್ಟಿನಲ್ಲೇ ಪಾಸಾದರು. ಈ ವಿಷಯವನ್ನು ಅವರು ನನ್ನೆದುರು ಎಂದೂ ಎತ್ತಲಿಲ್ಲ, ದೊಡ್ಡ ಮನಸ್ಸು.

ಜೌಗು ಉಳಿದಿತ್ತು. ಬೆಂಕಿ ಅದರ ಸುತ್ತಲನ್ನೆಲ್ಲ ಕಪ್ಪಾಗಿಸಿ, ಒದ್ದೆ ಪಾಚಿಯ ಅಂಚಿಗೆ ಬಂದು ನಿಂತಿತ್ತು. ಹೂಜಿಗಿಡಗಳು ಕೆಂಪು ಹೂ ಎತ್ತಿ ನಿಂತಿದ್ದವು. ಕೆಲವು ವಾರಗಳಲ್ಲೇ ಸುಟ್ಟ ಪೈನ್ ಮರಗಳ ಕರಿ ಕಾಂಡಗಳಿಂದಲೇ ಹಸಿರು ಕುಚ್ಚುಗಳು ಹೊರಟವು. ಕೆಲಸ ಮುಗಿಯಿತು, ಡಿಗ್ರಿ ಬಂತು, ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತ ಇಡೀ ಆಯುಷ್ಯ ಕಳೆದೆ. ಪೆಟ್ರೋಲಿಗಾಗಿ ಕಾರುಗಳು ಬೀದಿ ಸುತ್ತ ಸಾಲು ನಿಂತ ಆ ಚಳಿಗಾಲದಲ್ಲಿ, ಕೊಡಗಟ್ಟಲೆ ಕುಡಿಯುವ ಜೀಪನ್ನು ಮಾರಬೇಕಾಯಿತು. ಕೊಂಡವನು ಒಳಗೆ ಮೂಸಿ ನೋಡಿ, ಇದೇನು ವಾಸನೆ ಎಂದು ಕೇಳಿದ. ಜಿಂಕೆಯದಲ್ಲ ಎಂದಷ್ಟೇ ಹೇಳಿದೆ. ಮುಂದೆ ಫ್ಲಶಿಂಗಿನಲ್ಲಿ ಗಣಪತಿಯ ದೇವಸ್ಥಾನವಾದಾಗ, ಲಾಂಗ್ ಐಲೆಂಡಿನ ಅಜ್ಜ ಅಜ್ಜಿಯರನ್ನೆಲ್ಲ ತಮ್ಮ ಕಾರಿನಲ್ಲಿ ತುಂಬಿಕೊಂಡು ಹೋಗುತ್ತಿದ್ದವರು ಇಂದಿರಾಬಾಯಿ. ವೇಗ ಮಾತ್ರ ಕೊನೆಯವರೆಗೂ ಹೆಚ್ಚಲಿಲ್ಲವಂತೆ. ಈಗ ಅವರೂ ಇಲ್ಲ, ಡಾಕ್ಟರ್ ಸಾಹೇಬರೂ ಇಲ್ಲ. ನನಗೆ ಓದು ಕೊಟ್ಟವರು ಹಲವರು. ಆ ಓದಿಗೆ ಜೊತೆಯಾಗಿ ಕಾಡಿನಲ್ಲಿ ಪಕ್ಕದಲ್ಲಿ ಮಲಗಿದವರು ಒಬ್ಬರೇ.

ಅವರನ್ನು ನೆನೆದಾಗ ನನಗೆ ಬೆಂಕಿಯ ದಿನಕ್ಕಿಂತ ಹೆಚ್ಚಾಗಿ ಕಾಣುವುದು ಆ ಬೇಸಿಗೆಯ ಕೊನೆಯ ಒಂದು ಬೆಳಗು. ತಾವೂ ಒಮ್ಮೆ ಬರುವುದಾಗಿ ಹೇಳಿ ಡಾಕ್ಟರ್ ಸಾಹೇಬರು ಹೊರಟಿದ್ದರು. ಜೀಪಿನ ಹಲಗೆ ಅವರೇ ಕಟ್ಟಿದ್ದು, ಇಬ್ಬರಿಗೆ ಸರಿಯಾಗಿ. ಹಾಗಾಗಿ ಅವರಿಗೆ ಹೊರಗೆ ಪುಟ್ಟ ಡೇರೆ. ಕಾಲು ಡೇರೆಯಿಂದಾಚೆ ಚಾಚಿಕೊಂಡು ಮಲಗಿದ್ದರು. ಬೆಳಗಾಗುತ್ತಲೇ ಹೊರಗೆ ಸ್ಟೌ ಹೊತ್ತಿಸುವ ಸದ್ದು, ಪಾತ್ರೆ ತಡಕಾಡುವ ಸದ್ದು, ಎರಡು ಸಲ ಏನೋ ಬಿದ್ದ ಸದ್ದು. ಆಮೇಲೆ ಹಿಂಬಾಗಿಲಿನ ತಗಡಿನ ಮೇಲೆ ಬೆರಳಿನಿಂದ ಮೆಲ್ಲಗೆ ಬಡಿದರು.

"ಇಂದಿರಾ, ಚಹಾ."

ನಾನು ಎದ್ದು ಚಿಲಕಕ್ಕೆ ಕೈಹಾಕಿದೆ. ಇಂದಿರಾಬಾಯಿ ಮಲಗಿದ್ದಲ್ಲಿಂದಲೇ ನನ್ನ ಮಣಿಕಟ್ಟು ಹಿಡಿದರು. ಇಳಕಲ್ ಪರದೆಯ ಕೆಂಪು ಬೆಳಕು ಅವರ ಮುಖದ ಮೇಲಿತ್ತು. ಮದುವೆಯಾದಾಗಿನಿಂದ ಅವರು ಬಾಗಿಲು ಬಡಿಯುವುದು, ನಾನು ಓಡಿ ತೆಗೆಯುವುದು ಎಂದು ಪಿಸುಗುಟ್ಟಿದರು. ಆಸ್ಪತ್ರೆಯಿಂದ ಬಂದಾಗ, ಊರಿನಿಂದ ಬಂದಾಗ, ಸ್ನಾನದ ಮನೆಯಿಂದ ಟವೆಲ್ಲು ಕೇಳಿದಾಗ. ಚಹಾ ಹಿಡಿದುಕೊಂಡು ಬಡಿದದ್ದು ಇವತ್ತೇ ಮೊದಲು.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅವರು ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡು ಕಣ್ಣು ಮುಚ್ಚಿದರು.

"ಒಂದೀಟು ನಿಂದರ್ಲಿ" ಎಂದರು. "ಹೊರಗ ಹಕ್ಕಿ ಛಲೋ ಕೂಗಲಿಕ್ಕತ್ತಾವ. ಅವರೂ ಕೇಳ್ಲಿ."